ಮೂರನೇ ಬಾಗಿಲಿನ ಕೀಲಿಕೈ

ನಮ್ಮ ವಿಡಿಯೊ ಗೇಮ್ ವೆಬ್‌ಸೈಟಿನಲ್ಲಿ ನಾನೂರು ಚರ್ಚಾ ವಿಭಾಗಗಳಿದ್ದವು. ಅವನ್ನು ನಲವತ್ತಕ್ಕೆ ಇಳಿಸುವ ಕೆಲಸ ನನ್ನ ತಲೆಗೆ ಬಿತ್ತು.

ಒಂದು ಹಳೆಯ ಆಟದ ವಿಭಾಗದಲ್ಲಿ ಯಾರೋ ಒಬ್ಬರೇ ಬರೆಯುತ್ತಿದ್ದರು. ಎರಡು ವರ್ಷದಿಂದ ದಿನವೂ ಅದೇ ಪ್ರಶ್ನೆ: 'ಮೂರನೇ ಬಾಗಿಲಿನ ಕೀಲಿಕೈ ಎಲ್ಲಿದೆ?'

"ಪಾಪ, ಇವರಿಗೆ ಯಾರೂ ಉತ್ತರಾನೇ ಕೊಟ್ಟಿಲ್ಲ ಸರ್. ಇದೊಂದನ್ನ ಉಳಿಸ್ಕೊಳ್ಳೋಣ," ಎಂದು ಮ್ಯಾನೇಜರನ್ನು ಕೇಳಿದೆ.

"ಒಬ್ಬರೇ ಬರೆದ್ರೆ ಅದು ಚರ್ಚೆ ಹೇಗಾಗುತ್ತಮ್ಮಾ? ಇನ್ನೊಬ್ಬ ಸದಸ್ಯರು ಬರೆದಿದ್ರೆ ಉಳಿಸು. ಇಲ್ಲಾಂದ್ರೆ ಸಂಜೆ ಅಳಿಸಿಬಿಡು."

"ನಾನೇ ಉತ್ತರ ಕೊಡ್ಲಾ?"

"ಆಫೀಸಿನವರು ಬರೆದದ್ದು ಲೆಕ್ಕಕ್ಕಿಲ್ಲ."

ಮಧ್ಯಾಹ್ನ ಊಟ ಬಿಟ್ಟು ಆ ಆಟ ಆಡಿದೆ. ಕೀಲಿಕೈ ಕೋಟೆಯ ಹಿಂದಿನ ಬಾವಿಯಲ್ಲಿ ಸಿಕ್ಕಿತು. ಬೇರೊಂದು ಹೆಸರಿನಲ್ಲಿ ಹೊಸ ಖಾತೆ ತೆರೆದು, 'ಬಾವಿಯ ತಳದಲ್ಲಿದೆ' ಎಂದು ಬರೆದೆ. ವಿಭಾಗ ಉಳಿಯಿತು.

ಐದೇ ನಿಮಿಷದಲ್ಲಿ ಅದರ ಕೆಳಗೆ, ದಿನವೂ ಪ್ರಶ್ನೆ ಕೇಳುತ್ತಿದ್ದವರಿಂದ ಹೊಸ ಸಾಲು ಬಂತು.

'ಈ ಆಟ ನಮ್ಮಿಬ್ಬರನ್ನ ಬಿಟ್ರೆ ಯಾರೂ ಆಡಲ್ಲ ಅಂತಿದ್ದೆಯಲ್ಲೋ ತಮ್ಮಾ. ಬದುಕಿದೀಯಾ? ಅಕ್ಕ ಬೈಯಲ್ಲ, ಎಲ್ಲಿದೀಯ ಹೇಳು.'