ಮೇಲೆ ಹೆರಿಗೆ, ಹೊರಗೆ ಅಳಿಯ

ಫ್ಯಾನು ಬಿಚ್ಚಬೇಕೋ ಬೇಡವೋ ಎಂಬುದು ಗದುಗಿನ ಆ ಮನೆಯ ಇತಿಹಾಸದಲ್ಲೇ ಅತಿ ಗಂಭೀರ ಪ್ರಶ್ನೆಯಾಗಿತ್ತು. ಬಿಚ್ಚಿದರೆ ಸೆಕೆ, ಬಿಟ್ಟರೆ ಬಸುರಿಗೆ ಅಪಾಯ. ಒಂಬತ್ತು ತುಂಬಿದ ಬಸುರಿಯರು ಹಗುರಾಗಿ ಸೂರಿಗೇರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಕೊನೆಗೆ ಫ್ಯಾನು ಬಿಚ್ಚಿದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಶಾಂಭವಿ ಜಂತಿಗೆ ಬೆನ್ನು ತಾಗಿಸಿ ತೇಲುತ್ತ ಗಿರಮಿಟ್ ತಿನ್ನುತ್ತಿದ್ದಳು.

“ಯವ್ವಾ, ನಾ ಮ್ಯಾಲೇ ಹಡೀತೀನಿ. ಆದ್ರ ಇವರು ನನ್ನ ಕೈ ಹಿಡ್ಕೊಂಡಿರಬೇಕು.”

“ಅಳಿಯಂದ್ರು ಹೊರಗ ನಿಂತು ಬಸುರಿ ಸೊಂಟಕ್ಕ ಕಟ್ಟಿದ ಹಗ್ಗ ಹಿಡಿಯೂದು ಪದ್ಧತಿ,” ಎಂದಳು ತಾಯಿ ನೀಲವ್ವ. “ಅದೂ ಏಣಿ ಕಂಡ್ರ ಬೆವರೋ ಅಳಿಯಂದ್ರು!”

ಅಳಿಯ ಗುರುಪಾದ ಬಾಗಿಲಲ್ಲೇ ಬೆವರಿದ.

ಏಣಿಯ ಮೇಲೆ ಕೂತಿದ್ದ ನರ್ಸ್ ಮೆಹಬೂಬಿ ನಕ್ಕಳು. “ಪ್ಲ್ಯಾನ್ ಸ್ವಲ್ಪ ಸಡಿಲ ಇರ್ಲಿ ಬೇ. ಮೊದಲು ಜಂತಿ. ಆಗ್ಲಿಲ್ಲಂದ್ರ ಅಟ್ಟ. ಅದೂ ಆಗ್ಲಿಲ್ಲಂದ್ರ ಕೂಸಿಗೆ ಬಿಟ್ಟದ್ದು.”

ಕೂಸು ಕಾಯಲಿಲ್ಲ. ನೋವು ಬಂದು ಶಾಂಭವಿ ಕೈ ಚಾಚಿದಳು. ಗುರುಪಾದ ಹಗ್ಗ ಬಿಸಾಕಿ, ಒಳಗೆ ಓಡಿ, ಮಂಚ ಹತ್ತಿ ಜಿಗಿದು ಆ ಕೈ ಹಿಡಿದ. ಅವನ ಭಾರಕ್ಕೆ ಅವಳು ಇಳಿದಳು, ಅವಳ ಹಗುರಕ್ಕೆ ಅವನು ಏರಿದ.

“ಪದ್ಧತಿ! ಪದ್ಧತಿ!” ಎನ್ನುತ್ತ ನೀಲವ್ವ ಅಳಿಯನ ಕಾಲು ಹಿಡಿದು ಜಗ್ಗಿದಳು.

“ಜಗ್ಗಬ್ಯಾಡ ಬೇ, ಎತ್ತರ ಸರಿ ಐತಿ!” ಎಂದಳು ಮೆಹಬೂಬಿ.

ಸಂಜೆ ನೆಲಕ್ಕೂ ಸೂರಿಗೂ ನಡುವೆ, ಗಂಡನ ಕೈ ಹಿಡಿದುಕೊಂಡೇ, ಶಾಂಭವಿ ಹೆಣ್ಣುಮಗುವನ್ನು ಹಡೆದಳು.