ಗೋಡೆಯ ಹಿಂದಿನ ಪಾದ್ರಿ

ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗೆ ಆಸರೆ ಕೊಟ್ಟವರನ್ನು ನೇಣಿಗೇರಿಸುತ್ತಿದ್ದ ಕಾಲ. ಉರ್ಸುಲಾ ತನ್ನ ಹಜಾರದ ಮರದ ಗೋಡೆಯ ಹಿಂದೆ ಒಬ್ಬ ಪಾದ್ರಿಯನ್ನು ಬಚ್ಚಿಟ್ಟಿದ್ದಳು. ಹೊಸದಾಗಿ ಸೇರಿದ್ದ ಅಡುಗೆಯವಳು ಥಾಮಸಿನ್ ಮೇಲೆ ಅವಳಿಗೆ ಮೊದಲಿನಿಂದಲೂ ಗುಮಾನಿ.

"ಗೋಡೆಗೆ ಕಿವಿಗೊಟ್ಟು ಏನೇ ಕೇಳ್ತಿದ್ದೆ?"

"ಒಳಗಿನವರ ಕೆಮ್ಮು ಅಂಗಳಕ್ಕೂ ಕೇಳಿಸುತ್ತೆ, ಅಮ್ಮಾವ್ರೇ. ಜೋಪಾನ."

ಉರ್ಸುಲಾ ಅವಳನ್ನು ಅಡುಗೆಮನೆಗೆ ಕಳಿಸಿದಳು.

"ಅವಳು ಸರ್ಕಾರದ ಬೇಹಿನವಳು, ಕಳಿಸಿಬಿಡು ಮಗಳೇ," ಎಂದು ಪಾದ್ರಿಯೂ ಒಳಗಿನಿಂದ ಪಿಸುಗುಟ್ಟಿದರು. ಥಾಮಸಿನ್ ಎಷ್ಟು ಅತ್ತರೂ ಕೇಳದೆ ಉರ್ಸುಲಾ ಅವತ್ತೇ ಅವಳನ್ನು ಮನೆಯಿಂದ ಹೊರಗಟ್ಟಿದಳು.

ಮರುದಿನ ಬೆಳಿಗ್ಗೆ ಸೈನಿಕರು ಬಾಗಿಲು ಮುರಿದು ನುಗ್ಗಿದರು.

"ಆ ಹಾಳು ಹೆಂಗಸೇ ತಾನೇ ನಿಮಗೆ ಹೇಳಿದ್ದು?" ಎಂದು ಉರ್ಸುಲಾ ಕಿರುಚಿದಳು.

"ಯಾವ ಹೆಂಗಸು?" ಎಂದ ಅವರ ನಾಯಕ.

ಅಷ್ಟರಲ್ಲಿ ಹಲಗೆ ಸರಿಸಿಕೊಂಡು ತಾವಾಗಿಯೇ ಹೊರಬಂದ ಪಾದ್ರಿ, "ಇಷ್ಟು ತಡವೇನ್ರಯ್ಯಾ?" ಎಂದು ಸೈನಿಕರನ್ನು ಗದರಿಸಿ, ಉರ್ಸುಲಾಳತ್ತ ಬೆರಳು ತೋರಿದರು.