ಗೊಂಬೆ ನೋಡಲು ಕರೆದವಳು

ಕಡಲೆಕಾಳಿನ ಉಸಲಿಗೆ ಇಂಗಿನ ಒಗ್ಗರಣೆ ಬಿದ್ದ ವಾಸನೆ ಬಂದರೆ, ಈ ವಯಸ್ಸಿನಲ್ಲೂ ನಾನು ಎದ್ದು ಕಿಟಕಿ ಮುಚ್ಚುತ್ತೇನೆ.

ಎರಡು ಸಾವಿರನೇ ಇಸವಿಯ ಆಸುಪಾಸು. ಚೆನ್ನೈನಲ್ಲಿ, ನುಂಗಂಬಾಕ್ಕಂನ ಫ್ಲ್ಯಾಟಿನಲ್ಲಿದ್ದೆವು. ಹನ್ನೊಂದು ವರ್ಷದ ಮಗಳಿಗೆ ಕಿವಿ ಅಷ್ಟಾಗಿ ಕೇಳಿಸದು, ಮಾತೂ ತೊದಲು. ನವರಾತ್ರಿಯ ಗೊಂಬೆ ನೋಡಲು ನೆರೆಯವರನ್ನು ಅವಳೇ ಕರೆಯಲಿ, ನಾಲ್ಕು ಜನರ ಬಳಕೆಯಾಗುತ್ತದೆ ಎಂದು ಅವಳ ಟೀಚರ್ ಒಂದು ತಿಂಗಳು ಒಂದೇ ವಾಕ್ಯ ಹೇಳಿಸಿದ್ದರು. ಆ ಮಧ್ಯಾಹ್ನ ಅವಳು ರೇಷ್ಮೆ ಲಂಗ ಎತ್ತಿ ಹಿಡಿದು, ಕುಂಕುಮದ ಭರಣಿಯೊಂದಿಗೆ ಒಬ್ಬಳೇ ಆರು ಮನೆಗೆ ಹೋಗಿಬಂದಳು.

ಬಂದವರು ಅವಳ ಮಾತನ್ನು ಆಡಿಕೊಂಡಾರು ಎಂದು ನನಗೆ ನಾಚಿಕೆ. ಹೆಂಡತಿಗೂ ಹೇಳದೆ ಅದೇ ಆರು ಬಾಗಿಲು ತಟ್ಟಿದೆ.

"ಏನ್ ಅಳಗಾ, ಎಷ್ಟು ಚೆಂದ ಕರೆದ್ಲು ನಿಮ್ಮ ಮಗು! ಕಂಡಿಪ್ಪಾ, ಖಂಡಿತಾ ಬರ್ತೀವಿ," ಎಂದು ತಮಿಳು ಬೆರೆಸಿ ಹೇಳಿದರು ಮೇಲಿನ ಮನೆಯ ಮಾಮಿ.

"ಬೇಡಿ ಮಾಮಿ. ಜನ ಸೇರಿದ್ರೆ ಅವಳಿಗೆ ಆಗೋಲ್ಲ, ಡಾಕ್ಟ್ರು ಹೇಳಿದಾರೆ," ಎಂದೆ. ಎಲ್ಲ ಮನೆಯಲ್ಲೂ ಅದನ್ನೇ ಹೇಳಿದೆ.

ಸಂಜೆ ಅವಳು ಗೊಂಬೆಗಳ ಮುಂದೆ ಚಾಪೆ ಹಾಸಿ, ದೊನ್ನೆಗಳಿಗೆ ಉಸಲಿ ತುಂಬಿಟ್ಟಳು. ಕರೆಗಂಟೆ ತನಗೆ ಕೇಳಿಸದೆ ಹೋದೀತೆಂದು ಬಾಗಿಲು ತೆರೆದಿಟ್ಟು, ಹೊಸ್ತಿಲ ಪಕ್ಕದಲ್ಲೇ ಕುಳಿತಳು. ಮೆಟ್ಟಿಲ ಮೇಲೆ ಯಾರು ಬಂದರೂ ಎದ್ದು ನಿಲ್ಲುವಳು. ಅವರು ತಲೆ ತಗ್ಗಿಸಿಕೊಂಡು ಮೇಲೆ ಹೋಗುವರು. ಎಂಟು ಗಂಟೆಯಾಯಿತು.

"ಅಪ್ಪಾ, ನಾನು ಸರೀಗ್ ಹೇಳಿಲ್ವಾ?" ಎಂದು ಕೇಳಿ ನನ್ನ ಬಾಯನ್ನೇ ನೋಡುತ್ತ ನಿಂತಳು.

ನಾನು ತುಟಿ ಅವಳಿಗೆ ಕಾಣುವಂತೆ, ನಿಧಾನವಾಗಿ, "ಇನ್ನೂ ಸ್ವಲ್ಪ ಕಲೀಬೇಕು ಪುಟ್ಟಿ," ಎಂದೆ.